ಅಳು ಕಲಿಸುವ ಮಾಸ್ತರು

ಸಿರಿಗೇರಿಯಲ್ಲಿ ಯಾವ ನಾಟಕವಾದರೂ ಕೊನೆಗೊಂದು ಸಾವು ಇರಲೇಬೇಕು. ಅದು ನಾಟಕದ ಮಾಸ್ತರು ಇಮಾಮಹುಸೇನರ ಹಟ. ನೋಡುವವರ ಸೆರಗು ಒದ್ದೆಯಾಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅದಿರಿನ ಲಾರಿ ಓಡಿಸಿ, ಹುಬ್ಬಿನವರೆಗೂ ಕೆಂಪು ದೂಳು ಮೆತ್ತಿಕೊಂಡು ತಾಲೀಮಿಗೆ ಬರುವ ಡ್ರೈವರುಗಳಿಗೂ ಅವರು ಬಿಡದೆ ಅಳು ಕಲಿಸುತ್ತಾರೆ. "ಅಳು ಗಂಟಲದಾಗಿಂದ ಅಲ್ಲಲೇ, ಹೊಟ್ಟಿಯೊಳಗಿಂದ ಬರಬೇಕು!" ಎಂದು ಹಾರ್ಮೋನಿಯಂ ಗುದ್ದುತ್ತಾರೆ. ಈ ಸಲ ಮಗಳನ್ನು ಕಳೆದುಕೊಂಡ ತಂದೆಯ ಪಾತ್ರ ಡ್ರೈವರ್ ಗಾದೆಪ್ಪನದು. ಹತ್ತು ದಿನ ತಿದ್ದಿದರೂ, "ಅಳು ಬರವಲ್ದ್ರಿ ಮಾಸ್ತರ" ಎಂದು ಅವನು ಕೈಚೆಲ್ಲಿದ. "ಆಕಡಿ ಸರಿಯಲೇ, ನೋಡು" ಎಂದ ಮಾಸ್ತರು, ಸತ್ತ ಮಗಳಾಗಿ ಮಲಗಿದ್ದ ನಟಿ ನೀಲಾವತಿಯ ತಲೆಯ ಬಳಿ ತಾವೇ ಕೂತರು. ತಾವೇ ಬರೆದ ಮಾತು ಬಿಟ್ಟು, ಅವಳ ಹಣೆಯ ಮೇಲಿನ ಕೂದಲನ್ನು ಮೆಲ್ಲಗೆ ಸರಿಸಿದರು, ಮತ್ತೆ ಸರಿಸಿದರು. ಎಲ್ಲರಿಗೂ ಚಹಾ ತಂದಿದ್ದ ಅವರ ಹೆಂಡತಿ ಕುಲ್ಸುಂಬೀ ತಟ್ಟೆಯನ್ನು ಕೆಳಗಿಟ್ಟಳು. ಮೂರು ವರ್ಷದ ಹಿಂದೆ ಜ್ವರದಲ್ಲಿ ಮಗಳು ಸುಮೈರಾ ತೀರಿಕೊಂಡಾಗ, ಬಂದವರಿಗೆಲ್ಲ ತಾವೇ ಸಮಾಧಾನ ಹೇಳುತ್ತಾ ಓಡಾಡಿದ್ದ ಮನುಷ್ಯ ಅವರು. ಕುಲ್ಸುಂಬೀ ಬಂದು ಅವರ ಬೆನ್ನ ಮೇಲೆ ಕೈಯಿಟ್ಟು, "ಈಗಾದ್ರೂ ಅತ್ತುಬಿಡ್ರಿ" ಎಂದಳು. ಅವರ ಅಳು ಮುಗಿಯುವವರೆಗೂ ನೀಲಾವತಿ ಕಣ್ಣು ತೆರೆಯಲಿಲ್ಲ.