ಅಂಚು ಸವರಿದ ಗುಂಡು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಲೇತ್ ಯಂತ್ರದ ಮುಂದೆ ನಿಂತರೆ ಅವನ ಕೈ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಒಂದೊಂದು ತುಂಡು ಮುಗಿದಾಗಲೂ ಯಂತ್ರ ನಿಲ್ಲಿಸಿ, ಲೋಹ ಉಜ್ಜುವ ಅರ ಎತ್ತಿಕೊಂಡು, ತುಂಡಿನ ಅಂಚನ್ನು ಕೈಯಿಂದಲೇ ಸವರಿ ನುಣ್ಣಗೆ ಮಾಡುತ್ತಿದ್ದ. ಅದು ಅಪ್ಪ ಕಲಿಸಿದ ಪಾಠ. ಅಪ್ಪನ ಕಾಲದಲ್ಲಿ ಅಲ್ಲಿ ಹೊಲಿಗೆ ಯಂತ್ರ ತಯಾರಾಗುತ್ತಿತ್ತು. "ಈ ಚಕ್ರ ಮುಟ್ಟೋದು ಯಾರದೋ ಬರಿಗೈ. ಬೆರಳು ಕೊಯ್ದರೆ ಅವರು ಶಾಪ ಹಾಕೋದು ಮಾಲೀಕನಿಗಲ್ಲ, ನಮಗೆ," ಅನ್ನುತ್ತಿದ್ದ ಅಪ್ಪ. ಅಪ್ಪನ ಕೈಯಿಂದ ಹೋದ ಒಂದು ತುಂಡೂ ಕೆಟ್ಟಿದೆಯೆಂದು ವಾಪಸ್ಸು ಬಂದದ್ದಿಲ್ಲ. ಆ ಹೆಮ್ಮೆಯಲ್ಲೇ ಅವನು ಕಣ್ಣು ಮುಚ್ಚಿದ.

ಅಪ್ಪನನ್ನು ಬಿಟ್ಟರೆ ಹೀಗೆ ಅಂಚು ಸವರುತ್ತಿದ್ದವರು ಅವನ ಇಬ್ಬರು ಶಿಷ್ಯರು ಮಾತ್ರ. ಒಬ್ಬ ಈ ಮಗ, ಇನ್ನೊಬ್ಬ ಪಕ್ಕದ ಲೇತ್‌ನ ಎಡಚ. ಎಡಚನ ಕೆಲಸ ಅಪ್ಪನಿಗೆ ಎಷ್ಟು ಹಿಡಿಸಿತೆಂದರೆ, ಮಗಳನ್ನೇ ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ. ಮಗನ ಅರದ ಗೀರು ಬಲಕ್ಕೆ ವಾಲಿದರೆ ಎಡಚನದು ಎಡಕ್ಕೆ ವಾಲುತ್ತಿತ್ತು. "ಕಣ್ಣು ಕಟ್ಟಿ ಕೈಗೆ ಕೊಡಿ, ಮಗಂದು ಯಾವುದು, ಅಳಿಯಂದು ಯಾವುದು ಅಂತ ಹೇಳ್ತೀನಿ," ಎಂದು ಅಪ್ಪ ಪಂಥ ಕಟ್ಟಿ ಗೆಲ್ಲುತ್ತಿದ್ದ.

ಆಗ ನದಿಯ ಎರಡೂ ದಡದಲ್ಲಿ ಒಬ್ಬನೇ ಮಾಲೀಕನ ಕಾರ್ಖಾನೆಗಳಿದ್ದವು, ನಡುವೆ ಒಂದು ಸೇತುವೆ. ಬೆಳಗಿನ ಸೈರನ್ ಕೂಗಿಗೆ ಯಾರು ಯಾವ ದಡಕ್ಕೆ ಹೋದರೂ ಕೇಳುವವರಿರಲಿಲ್ಲ. ಆಮೇಲೆ ಕೂಲಿ ಕಡಿತವಾಯಿತು, ಮುಷ್ಕರವಾಯಿತು, ಗೇಟಿನ ಮುಂದೆ ಭಾಷಣಗಳಾದವು. ಒಬ್ಬ ಬಂದು, ಯಂತ್ರ ದುಡಿಯುವವನದು ಅಂದ. ಅವನು ಇಳಿಯುವಷ್ಟರಲ್ಲಿ ಇನ್ನೊಬ್ಬ ಹತ್ತಿ, ಯಂತ್ರ ದೇಶದ್ದು ಅಂದ. ಯಂತ್ರಕ್ಕೆ ಎಣ್ಣೆ ಹಾಕುವವರು ಮಾತ್ರ ಇಬ್ಬರಿಗೂ ಚಪ್ಪಾಳೆ ತಟ್ಟಿ ಒಳಗೆ ಹೋದರು. ಆದರೆ ಆ ಮಾತುಗಳು ಗೇಟಿನಲ್ಲೇ ನಿಲ್ಲಲಿಲ್ಲ. ಆಚೆ ದಡದಲ್ಲಿ ಮೊದಲಿನವನ ಕಡೆಯವರು ಸರ್ಕಾರ ಕಟ್ಟಿದರು, ಈಚೆ ದಡದಲ್ಲಿ ಎರಡನೆಯವನ ಕಡೆಯವರು. ಮೊದಲಿನ ಮಾತು ನಂಬಿದ್ದ ಎಡಚ ಭಾವ, ಅಕ್ಕನನ್ನು ಕರೆದುಕೊಂಡು ಸೇತುವೆ ದಾಟಿದ. ಅಲ್ಲಿಂದ ಸ್ವಲ್ಪ ಸಮಯಕ್ಕೇ ಸೇತುವೆಗೆ ಮುಳ್ಳುತಂತಿ ಬಂತು.

ಈಗ ಎರಡು ದಡಗಳ ನಡುವೆ ಯುದ್ಧ, ಎರಡೂ ಕಡೆ ಫಿರಂಗಿ ಗುಂಡು ತಯಾರಾಗುತ್ತಿತ್ತು. ಲೇತ್‌ಗಳು ಅವೇ, ಕೈಗಳೂ ಹೆಚ್ಚುಕಡಿಮೆ ಅವೇ. ಅಕ್ಕನ ಸುದ್ದಿಯೇ ಇರಲಿಲ್ಲ. ನಿಧಾನಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಮ್ಮ ಬಾಗಿಲಿಗೆ ಬರುತ್ತಿದ್ದಳು. "ಏನಾದ್ರೂ ಗೊತ್ತಾಯ್ತೇನೋ?" ಅವನು ತಲೆ ಅಲ್ಲಾಡಿಸಬೇಕು, ಅವಳು ಒಳಗೆ ಹೋಗಿ ಹಳೆಯ ಹೊಲಿಗೆ ಯಂತ್ರದ ಮುಂದೆ ಕೂರಬೇಕು. ಹೊಲಿಯಲು ಬಟ್ಟೆಯಿರಲಿ ಬಿಡಲಿ, ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು. 

ಕಾರ್ಖಾನೆಯಲ್ಲಿ ಬೇರೆ ಭಯ. ಭಾವ ಆಚೆ ಇದ್ದಾನೆಂದು ಫೋರ್‌ಮನ್‌ಗೆ ಗೊತ್ತಿತ್ತು. ಆಚೆ ಕಡೆ ನೆಂಟರಿದ್ದ ಪೇಂಟರ್ ಒಬ್ಬನನ್ನು ಆಫೀಸಿಗೆ ಕರೆಸಿದವರು ಮತ್ತೆ ಕೆಲಸಕ್ಕೆ ಕಳಿಸಿರಲಿಲ್ಲ. ಅಂಥದ್ದರಲ್ಲಿ ಫೋರ್‌ಮನ್ ಒಮ್ಮೆ ಬೆನ್ನ ಹಿಂದೆ ಬಂದು ನಿಂತು, "ಏನಯ್ಯಾ, ಗುಂಡಿನ ಅಂಚು ಸವರಿ ಯಾರ ಬೆರಳು ಕಾಪಾಡ್ತಿದ್ದೀಯ?" ಎಂದ. ನಿಧಾನಿ ಅರವನ್ನು ಪೆಟ್ಟಿಗೆಗೆ ಹಾಕಿದ. ಅಪ್ಪನ ಪಾಠ ಅಂದಿಗೆ ನಿಂತಿತು.

ಹಾಗಿರುವಾಗ ಆಚೆಯಿಂದ ಬಂದ ಗುಂಡೊಂದು ನಿಧಾನಿಯ ಬೀದಿಯ ಕೊಳಾಯಿಯ ಹಿಂದೆಯೇ ಬಿದ್ದು, ಸಿಡಿಯದೆ ಮಣ್ಣಲ್ಲಿ ಹೂತುಕೊಂಡಿತು. ಆ ಹೊತ್ತಿಗೆ ಅಮ್ಮ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ಬದುಕಿದ್ದೇ ಹೆಚ್ಚು. ಸೈನ್ಯದವರು ಅದರ ಮದ್ದು ತೆಗೆದು, ಕೆಲಸಗಾರರ ರೋಷ ಏರಲೆಂದು ಕಾರ್ಖಾನೆಯ ಗೇಟಿನಲ್ಲಿ ಮೇಜಿನ ಮೇಲಿಟ್ಟರು. "ಎಲ್ಲರೂ ಮುಟ್ಟಿ ನೋಡಿ ಒಳಗೆ ಹೋಗಿ. ಶತ್ರು ಕಳಿಸಿದ ಉಡುಗೊರೆ," ಎಂದ ಫೋರ್‌ಮನ್.

ಸಾಲು ಮುಂದೆ ಸರಿದು ನಿಧಾನಿಯ ಸರದಿ ಬಂತು. ಗುಂಡಿನ ತಳದ ಮೇಲೆ ಕೈಯಿಟ್ಟ. ಅಂಚು ಕೊರೆಯಲಿಲ್ಲ. ಬೆರಳನ್ನು ಸ್ವಲ್ಪ ಸರಿಸಿದ. ಸಣ್ಣ ಸಣ್ಣ ಗೀರು, ಎಲ್ಲವೂ ಎಡಕ್ಕೆ ವಾಲಿದ್ದವು.

ಎಡಚನ ಗೀರು. ಭಾವ ಬದುಕಿದ್ದಾನೆ. ಕೆಲಸದಲ್ಲಿದ್ದಾನೆ. ಅಲ್ಲಿ ಯಾರು ಗದರಿದರೂ ಯಂತ್ರ ನಿಲ್ಲಿಸಿ ಅಂಚು ಸವರುತ್ತಿದ್ದಾನೆ. ಸಂತೋಷಪಡುವಷ್ಟರಲ್ಲೇ ಕೊಳಾಯಿ ನೆನಪಾಯಿತು. ಸಿಡಿದಿದ್ದರೆ ಅಳಿಯನ ಕೈಕೆಲಸವೇ ಅತ್ತೆಯನ್ನು ಕೊಲ್ಲುತ್ತಿತ್ತು.

"ಏನೋ ಅಷ್ಟೊತ್ತು ಸವರ್ತಿದ್ದೀಯ?" ಫೋರ್‌ಮನ್ ಹತ್ತಿರ ಬಂದ.

"ಏನಿಲ್ಲ ಸಾರ್. ಎಷ್ಟು ಭಾರ ಇರಬಹುದು ಅಂತ."

"ತಲೆ ಮೇಲೆ ಬಿದ್ದಾಗ ಗೊತ್ತಾಗುತ್ತೆ. ನಡಿ."

ಸುತ್ತಲಿದ್ದವರು ನಕ್ಕರು. ನಿಧಾನಿಯೂ ನಕ್ಕ, ನಗದಿದ್ದರೆ ಕಷ್ಟವಿತ್ತು. ದಿನವಿಡೀ ಯಾರ ನೆರಳು ಹತ್ತಿರ ಸುಳಿದರೂ ಆಫೀಸಿಗೆ ಕರೆಯಲು ಬಂದರೇನೋ ಎಂದು ಬೆಚ್ಚಿದ.

ಸಂಜೆ ಬಾಗಿಲಲ್ಲಿ ಅಮ್ಮ ಎಂದಿನಂತೆ ಕೇಳಿದಳು. ಅವನು ಬಾಗಿಲು ಹಾಕಿ ಚಿಲಕ ಹಾಕಿದ. "ಭಾವ ಚೆನ್ನಾಗಿದ್ದಾನಮ್ಮ. ಕೆಲಸಕ್ಕೆ ಹೋಗ್ತಿದ್ದಾನೆ. ಅವನು ಚೆನ್ನಾಗಿದ್ರೆ ಅಕ್ಕನೂ ಚೆನ್ನಾಗಿರ್ತಾಳೆ."

"ಯಾರು ಹೇಳಿದ್ರು?"

"ಅವನ ಕೆಲಸ ನೋಡಿದೋರು. ಇನ್ನೇನೂ ಕೇಳಬೇಡ."

ಅಮ್ಮ ಸೆರಗಿನಿಂದ ಮುಖ ಒತ್ತಿಕೊಂಡು ಅತ್ತಳು. ಆಮೇಲೆ ಮಗನ ಕೈ ಹಿಡಿದುಕೊಂಡು, "ಅವಳೂ ಅಲ್ಲಿ ನನ್ನ ಹಾಗೇ ಒದ್ದಾಡ್ತಿರ್ತಾಳೆ ಕಣೋ. ನಾವು ಬದುಕಿದ್ದೀವಿ ಅಂತ ನಿಮ್ಮ ಭಾವಂಗೆ ಹೇಗಾದ್ರೂ ತಿಳಿಸು," ಎಂದಳು.

ಮರುದಿನ ನಿಧಾನಿ ಮೊದಲ ಗುಂಡು ಮುಗಿಸಿ ಯಂತ್ರ ನಿಲ್ಲಿಸಿದ. ಪೆಟ್ಟಿಗೆಯಿಂದ ಅರ ತೆಗೆದು ಅಂಚು ಸವರತೊಡಗಿದ. ಗೀರುಗಳು ಬಲಕ್ಕೆ ವಾಲುತ್ತಾ ಹೋದವು. ದೂರದಿಂದ ಫೋರ್‌ಮನ್ ಬರುತ್ತಿದ್ದ, ಆದರೂ ಅವನು ಕೈ ನಿಲ್ಲಿಸಲಿಲ್ಲ. ಗುಂಡು ಸಿಡಿದರೆ ಈ ಗೀರುಗಳೂ ಚೂರಾಗುತ್ತವೆ, ಬಿದ್ದ ಕಡೆ ಅಕ್ಕನೇ ನಿಂತಿರಬಹುದು. ಸಿಡಿಯದೆ ಉಳಿದು, ಯಾವುದೋ ಗೇಟಿನ ಮೇಜಿನ ಮೇಲೆ ಭಾವನ ಎಡಗೈಗೆ ಸಿಕ್ಕರೆ ಮಾತ್ರ ಅಮ್ಮನ ಮಾತು ತಲುಪುತ್ತದೆ. ಅಪ್ಪನ ಮಗ ಅವತ್ತು ಮೊದಲ ಸಲ, ತಾನು ಮಾಡಿದ ತುಂಡು ಕೆಟ್ಟುಹೋಗಲಿ ಎಂದು ಬೇಡಿಕೊಂಡ.