ಡಿಯರ್ ಫ್ರೆಂಡ್‌ಗೆ ಪ್ರವೇಶವಿಲ್ಲ

ರಾಮಾನುಜ ಮೇಷ್ಟ್ರು ಬಸವನಗುಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಆಮೇಲೆ ಚಾಮರಾಜಪೇಟೆಯ ನಮ್ಮ ಸಂಗೀತ ಸಭಾಕ್ಕೆ ಕಾರ್ಯದರ್ಶಿಯಾದರು. ಬರೆದವರು ಯಾರೇ ಆಗಲಿ, ಉತ್ತರ ಕೊಡದಿರುವುದು ಮನೆಗೆ ಬಂದವರಿಗೆ ನೀರೂ ಕೊಡದೆ ಕಳಿಸಿದ ಹಾಗೆ ಎಂದು ನಂಬಿದ್ದ ಮನುಷ್ಯ.

೨೦೦೩ರಲ್ಲಿ ಸಭಾಕ್ಕೆ ಕಂಪ್ಯೂಟರ್ ಬಂತು, ಜೊತೆಗೆ ಈ-ಮೇಲ್ ವಿಳಾಸ. ಸಂಗೀತದ ವಿಚಾರ ಬರೆಯುವವರು ಅಪರೂಪ. ಬರುತ್ತಿದ್ದದ್ದೆಲ್ಲ ತೂಕ ಇಳಿಸುವ ಮಾತ್ರೆ, ಕೈಗಡಿಯಾರ, ಲಾಟರಿ. ಮೇಷ್ಟ್ರು ಒಬ್ಬೊಬ್ಬರಿಗೂ ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರಿಸಿದರು: "ಮಾನ್ಯರೇ, ನಮ್ಮ ಸದಸ್ಯರು ಬಹುಪಾಲು ತೆಳ್ಳಗೇ ಇದ್ದಾರೆ. ಕ್ಷಮೆಯಿರಲಿ." ಮಾತ್ರೆಯವರು ಇನ್ನೂ ಹುರುಪಾದರು. ಮೇಲ್ ಮೂರುಪಟ್ಟಾಯಿತು.

"ಸಾರ್, ನೀವು ಉತ್ತರ ಬರೀಬಾರ್ದು," ಅಂದಳು ಸಭಾದ ಟೈಪಿಸ್ಟ್ ಕೋಕಿಲಾ. "ಇಲ್ಲಿ ಮನುಷ್ಯರಿದಾರೆ ಅಂತ ಅವರಿಗೆ ಗೊತ್ತಾಗ್ಬಿಡುತ್ತೆ."

"ಇದೀವಲ್ಲಮ್ಮ?"

"ಇದೀವಿ ಸಾರ್. ಆದ್ರೆ ಹೇಳ್ಬಾರ್ದು."

ಕೆಲವು ಪದಗಳನ್ನು ಕಂಪ್ಯೂಟರಿಗೆ ಹೇಳಿಕೊಟ್ಟರೆ, ಅವು ಇರುವ ಮೇಲ್ ನೇರ ಕಸಕ್ಕೆ ಹೋಗುತ್ತದೆ ಎಂದಳು. ಯಾವ ಪದ ಎಂದು ತಾವೊಬ್ಬರೇ ತೀರ್ಮಾನಿಸಲು ಮೇಷ್ಟ್ರಿಗೆ ಮನಸ್ಸಾಗದೆ ಕಮಿಟಿ ಕರೆದರು.

"ಫ್ರೀ ಅನ್ನೋದನ್ನ ತಡೀರಿ," ಎಂದರು ಖಜಾಂಚಿ ಶ್ರೀನಿವಾಸಯ್ಯ.

"ನಮ್ಮ ಕಾರ್ಯಕ್ರಮಗಳೆಲ್ಲ ಫ್ರೀನೇ ಅಲ್ವೇ?" ಎಂದರು ವೀಣೆಯ ಗಿರಿಜಾಂಬಾ.

ಸಂಜೆಯೆಲ್ಲ ಜಗಳವಾಡಿ ಕಡೆಗೆ ಒಂದಕ್ಕೆ ಎಲ್ಲರೂ ಒಪ್ಪಿದರು. 'ಡಿಯರ್ ಫ್ರೆಂಡ್' ಎಂದು ಶುರುವಾಗುವ ಮೇಲ್ ಬೇಡ. ಗುರುತಿದ್ದವರು ಹೆಸರು ಹಿಡಿದು ಬರೆಯುತ್ತಾರೆ. ಅಧ್ಯಕ್ಷ ದೊಡ್ಡಬೈರಪ್ಪನವರು ಅಂದು ಊರಲ್ಲಿರಲಿಲ್ಲ.

ಕಸ ಇಳಿಯಿತು. ಅದೇನು ಕಾಲ ಕೂಡಿಬಂತೋ, ಕೆಟ್ಟಿದ್ದ ಮೈಕು ರಿಪೇರಿಯಾಯಿತು. ರಾಮೋತ್ಸವಕ್ಕೆ ಹಾಡುವವರು ಯಾರು ಎಂಬುದೂ ಒಂದೇ ಕೂಟದಲ್ಲಿ ಇತ್ಯರ್ಥವಾಯಿತು.

ತಿಂಗಳಾದ ಮೇಲೆ ದೊಡ್ಡಬೈರಪ್ಪ ನುಗ್ಗಿ ಬಂದರು. ಗಾಂಧಿನಗರದಲ್ಲಿ ಬಿಲ್ಡಿಂಗು ಇರುವವರು, ದೊಡ್ಡ ಗಂಟಲು.

"ಏನ್ ಮೇಷ್ಟ್ರೇ, ದಿನಾ ಮೇಲ್ ಹಾಕ್ತಿದೀನಿ, ಒಂದಕ್ಕೂ ಉತ್ತರ ಇಲ್ಲ. ಬದುಕಿದೀರಾ?"

ಕೋಕಿಲಾ ಕಸದ ಡಬ್ಬಿ ತೆರೆದಳು. ಗಡಿಯಾರಕ್ಕೂ ಲಾಟರಿಗೂ ನಡುವೆ ಅಧ್ಯಕ್ಷರು ಸಾಲಾಗಿ ಕೂತಿದ್ದರು: ಮೈಕಿನ ಬಗ್ಗೆ, ಹಾಡುವವರ ಬಗ್ಗೆ, ತಮಗೆ ಹಾಕುವ ಹಾರದ ಬಗ್ಗೆ, ಬ್ಯಾನರಿನಲ್ಲಿ ತಮ್ಮ ಫೋಟೋದ ಅಳತೆ ಬಗ್ಗೆ. ಎಲ್ಲವೂ 'ಡಿಯರ್ ಫ್ರೆಂಡ್'.

"ನನ್ನನ್ನ ಕಸಕ್ಕೆ ಹಾಕಿದ್ರಾ?"

"ಮೆಷೀನು ಸಾರ್..." ಎಂದಳು ಕೋಕಿಲಾ.

"ಇಲ್ಲ, ನಾವೇ," ಎಂದರು ಮೇಷ್ಟ್ರು. "ಸರ್ವಾನುಮತದಿಂದ. ದಯವಿಟ್ಟು ಇನ್ಮೇಲೆ 'ಡಿಯರ್ ರಾಮಾನುಜ' ಅಂತ ಬರೀರಿ."

"ಅದ್ಹೇಗ್ರೀ? ಊರಿಗೆಲ್ಲ ಒಂದೇ ಮೇಲ್ ಹಾಕೋನು ನಾನು!"

ತಡೆ ತೆಗೆಯಬೇಕೇ ಎಂದು ಮತ್ತೆ ಕಮಿಟಿ ಕೂತಿತು. ತೆಗೆಯೋಣವೆಂದು ಮೇಷ್ಟ್ರು ಒಬ್ಬರೇ ಕೈ ಎತ್ತಿದರು. ಗಿರಿಜಾಂಬಾ ಫ್ಯಾನು ನೋಡುತ್ತಿದ್ದರು.

"ಸರಿ, ನಾನೇ ಬಂದು ಹೇಳ್ತೀನಿ," ಎಂದ ಅಧ್ಯಕ್ಷರು ಮರುದಿನದಿಂದ ಸಂಜೆ ಬಂದು ತಮ್ಮ ಮೇಲ್‌ಗಳನ್ನು ಬಾಯಲ್ಲೇ ಹೇಳತೊಡಗಿದರು. ಎದುರಿಗೆ ಕೂತು ಕೇಳುವವರು ಸಿಕ್ಕಿ ವರ್ಷಗಳಾಗಿತ್ತೇನೋ, ದನಿ ದಿನದಿನಕ್ಕೆ ಮೆತ್ತಗಾಯಿತು. ಕೆಲವು ವಾರದಲ್ಲಿ ಹೇಳುವುದೆಲ್ಲ ಮುಗಿಯಿತು, ಆದರೂ ಬರುತ್ತಿದ್ದರು. ಕೋಕಿಲಾ ಅವರದ್ದೂ ಸೇರಿಸಿ ಫ್ಲಾಸ್ಕಿಗೆ ಕಾಫಿ ತರಿಸಲು ಶುರುಮಾಡಿದಳು.