ಹನ್ನೆರಡು ಜೊತೆ ಚಪ್ಪಲಿ

ಎಪ್ಪತ್ತರ ದಶಕದ ತ್ಯಾಗರಾಜನಗರದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮಧ್ಯಾಹ್ನ ಮಲಗುವ ಮೊದಲು, ಗಂಡಸರ ಹಳೇ ಚಪ್ಪಲಿ ಆರು ಜೊತೆ ಬಾಗಿಲಾಚೆ ಜೋಡಿಸಿ ಚಿಲಕ ಹಾಕುತ್ತಿದ್ದರು. "ಮನೆ ತುಂಬಾ ಜನ ಇದಾರೆ ಅಂತ ಕಳ್ಳ ಅಂದ್ಕೋಬೇಕು ಕಣ್ರೀ." ವರ್ಷವಿಡೀ ಇದೇ ಮಾತು, ಹಬ್ಬಕ್ಕೂ ರಜೆಯಿಲ್ಲ.

ಪಕ್ಕದ ಯಡಿಯೂರಿನಲ್ಲಿ ಕಳ್ಳತನವಾಯಿತೆಂದು ಕೇಳಿದ್ದೇ ಆರು ಜೊತೆ ಹನ್ನೆರಡಾಯಿತು. ಆ ವಾರ ಅಂಕಲ್‌ಗೆ ಜ್ವರ ಬೇರೆ. ಆರು ಜೊತೆ ಆಂಟಿ ದಿನಾ ಇಡುವವು, ಮಿಕ್ಕಿದ್ದು ನೋಡಲು ಬಂದವರದ್ದು, ಅಂದರೆ ಅಂಕಲ್ ಹೋಗಿಬಿಟ್ಟರು ಎಂದು ಬೀದಿ ತೀರ್ಮಾನಿಸಿತು. ಅಮ್ಮ ಸಾವಿನ ಮನೆಗೆಂದು ಫ್ಲಾಸ್ಕ್ ತುಂಬ ಕಾಫಿ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ ಬಾಗಿಲು ತಟ್ಟಿದಳು. ಹಿಂದೆ ಹತ್ತು ಜನ.

ಮಫ್ಲರ್ ಸುತ್ತಿಕೊಂಡ ಅಂಕಲ್ಲೇ ಬಾಗಿಲು ತೆಗೆದರು. "ಅಯ್ಯೋ, ಯಾರಮ್ಮಾ ಹೋಗಿದ್ದು?"

ಅಮ್ಮ ತಡವರಿಸಿದಳು. "ನಿಮಗೇ ಕಾಫಿ ತಂದೆ."

ಹಿಂದಿನಿಂದ ಇಣುಕಿದ ಆಂಟಿ ಹಿಗ್ಗಿಹೋದರು. "ನೋಡಿದ್ರಾ? ನೀವೇ ನಂಬಿಬಿಟ್ರಿ, ಇನ್ನು ಕಳ್ಳ ಯಾವ ಲೆಕ್ಕ!"